ಮರಳುಮೂಟೆ ಸಾಹೇಬರು ರೌಟರ್ ಆರಿಸಿದ್ದು

ಕುರ್ಚಿ ಕಂಡರೆ ಜನ ಕೂರುತ್ತಾರೆ. ಸಾಹೇಬರು ಹಾಗಲ್ಲ. ಮೊದಲು ಎರಡೂ ಅಂಗೈ ಊರಿ ಒತ್ತುತ್ತಾರೆ, ಆಮೇಲೆ ಒಂದು ಮೊಣಕಾಲು ಇಟ್ಟು ನೋಡುತ್ತಾರೆ, ಕೊನೆಗೆ "ಹೂಂ" ಅನ್ನುತ್ತಾರೆ. ಕೂರುವ ಮಾತು ಅದಾದ ಮೇಲೆ. ಸ್ವಂತ ತಂಗಿ ಹೊಸ ಸೋಫಾ ತಂದಾಗ ಅವಳನ್ನೂ ಗಂಡನನ್ನೂ ಇಬ್ಬರು ಮಕ್ಕಳನ್ನೂ ಸಾಲಾಗಿ ಕೂರಿಸಿ, ತೊಡೆಯ ಮೇಲೆ ಅಕ್ಕಿಯ ಡಬ್ಬ ಕೊಟ್ಟು, "ಯಾರೂ ಏಳಬಾರದು" ಎಂದು ಗಡಿಯಾರ ಹಿಡಿದು ಎದುರಿಗೆ ನಿಂತಿದ್ದರು. ಸೋಫಾಕ್ಕೆ ಏನೂ ಆಗಲಿಲ್ಲ. ತಂಗಿ ಒಂದು ವರ್ಷ ಮಾತು ಬಿಟ್ಟಳು.

ಅವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ಮೂವತ್ತಮೂರು ವರ್ಷ ಸರ್ಕಾರದ ಲಿಫ್ಟ್ ಇನ್ಸ್‌ಪೆಕ್ಟರ್ ಆಗಿದ್ದವರು. ಎಂಟು ಜನ ಹಿಡಿಸುವ ಲಿಫ್ಟಿಗೆ ಹತ್ತು ಜನರ ತೂಕದಷ್ಟು ಮರಳುಮೂಟೆ ತುಂಬಿಸಬೇಕು. ನೂರಕ್ಕೆ ನೂರಿಪ್ಪತ್ತೈದು. ಮೇಲೆ ಓಡಿಸಬೇಕು, ಕೆಳಗೆ ಓಡಿಸಬೇಕು, ನಡುವೆ ಗಕ್ಕನೆ ನಿಲ್ಲಿಸಬೇಕು, ಒಂದು ಗಂಟೆ ಹಾಗೇ ಬಿಡಬೇಕು. ಹಗ್ಗ ಜಗ್ಗಲಿಲ್ಲ, ಬ್ರೇಕು ಜಾರಲಿಲ್ಲ ಅಂದರೆ ಪುಸ್ತಕಕ್ಕೆ ಸಹಿ, ಗೋಡೆಗೆ ನೋಟೀಸು, ಸಾಹೇಬರು ಮುಂದಿನ ಕಟ್ಟಡಕ್ಕೆ. ತುಂಬಿದ ಮೂಟೆ ಇಳಿಸುವುದು ಯಾರು? ಯಾರೋ ಇಳಿಸುತ್ತಿದ್ದರು. ಆ ಕಟ್ಟಡದ ಕೂಲಿಯವರೋ, ಕಾವಲಿನವನೋ. ಸಾಹೇಬರು ಅದನ್ನು ಒಂದು ದಿನವೂ ನಿಂತು ನೋಡಿದವರಲ್ಲ.

ಹೀಗಾಗಿ ಅವರಿಗೆ ಮರಳುಮೂಟೆ ಸಾಹೇಬರು ಎಂದೇ ಹೆಸರು ನಿಂತಿತು. ನಿವೃತ್ತಿಯಾಗಿ ಈ ಹಳೆಯ ನಾಲ್ಕು ಮಹಡಿಯ ಕಟ್ಟಡಕ್ಕೆ ಬಂದ ಹನ್ನೊಂದನೇ ದಿನಕ್ಕೆ ಇಲ್ಲಿನ ಲಿಫ್ಟಿನ ಹಗ್ಗದಲ್ಲಿ ಎಳೆ ಬಿಟ್ಟಿದೆ ಎಂದು ಇಲಾಖೆಗೆ ಅರ್ಜಿ ಬರೆದು, ತಮ್ಮ ಕೈಕೆಳಗೇ ಪಳಗಿದ ಇನ್ಸ್‌ಪೆಕ್ಟರನ್ನು ಕರೆಸಿ ಅದಕ್ಕೆ ಸೀಲು ಹಾಕಿಸಿದರು. ಕಟ್ಟಡದವರು ಹಗ್ಗ ಬದಲಿಸಲಿಲ್ಲ, ಸಾಹೇಬರು ಸೀಲು ಬಿಡಿಸಲಿಲ್ಲ. ಎರಡು ವರ್ಷವಾಯಿತು. ಸಾಹೇಬರ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ! ತಾವೇ ಮುಚ್ಚಿಸಿದ ಲಿಫ್ಟಿನ ಜಾಲರಿ ಬಾಗಿಲಿನ ಪಕ್ಕದಲ್ಲೇ ದಿನಕ್ಕೆ ಮೂರು ಸಲ ಏದುಸಿರು ಬಿಡುತ್ತಾ ಹತ್ತುತ್ತಾರೆ, ಮುಖದಲ್ಲಿ ಮಾತ್ರ ಗೆದ್ದ ಕಳೆ.

ಇನ್ನು ಅವರ ಹೆಂಡತಿ. ಇಡೀ ಕಟ್ಟಡಕ್ಕೆ ಆಕೆ ಅಕ್ಕ. ಆಕೆಗೆ ಪಾಚಿ ಎಂದರೆ ಪ್ರಾಣ. ಹೌದು, ಗೋಡೆಯ ಮೇಲೆ ಹಸಿರಾಗಿ ಹಬ್ಬುತ್ತದಲ್ಲ, ಕಾಲಿಟ್ಟರೆ ಜಾರುತ್ತದಲ್ಲ, ಅದೇ. ನೀರಿನ ತೊಟ್ಟಿ, ಮೆಟ್ಟಿಲ ಸಂದಿ, ಬಚ್ಚಲ ಹಿಂಗೋಡೆ, ಇಂಥ ಜಾಗಗಳಲ್ಲಿ ಎಷ್ಟು ಜಾತಿಯ ಪಾಚಿ ಬೆಳೆಯುತ್ತದೆ ಅನ್ನುವುದರ ಮೇಲೆ ಇಪ್ಪತ್ತೆಂಟು ವರ್ಷದ ಹಿಂದೆ ಪಿಎಚ್‌ಡಿಗೆ ಹೆಸರು ಬರೆಸಿದ್ದರು. ಅದೇ ವರ್ಷ ಮದುವೆ. ಆಮೇಲೆ ಗಂಡನಿಗೆ ವರ್ಗ, ಮಗಳು ಹುಟ್ಟಿದ್ದು, ಮತ್ತೆ ವರ್ಗ. ಮಗಳು ಬೆಳೆದು ಅವಳಿಗೇ ಮದುವೆಯಾದ ಮೇಲೆ ಒಂದು ದಿನ ವಿಶ್ವವಿದ್ಯಾಲಯದಿಂದ ಕಾಗದ ಬಂತು: ಹಳೆಯ ಹೆಸರುಗಳನ್ನೆಲ್ಲ ತೆಗೆದುಹಾಕುತ್ತಿದ್ದೇವೆ, ಪ್ರಬಂಧ ಕೊಡುವವರು ಈಗ ಕೊಡಿ, ಇಲ್ಲವಾದರೆ ಇಲ್ಲ. ಆಕೆ ತುಟಿ ಪಿಟಕ್ಕೆನ್ನದೆ ಒಂದೂವರೆ ವರ್ಷ ಕೂತು ನಾನೂರು ಪುಟ ಬರೆದು ಕೊಟ್ಟರು. ಉಳಿದದ್ದು ಮೌಖಿಕ ಪರೀಕ್ಷೆ. ಐದು ಊರಲ್ಲಿ ಐದು ಪರೀಕ್ಷಕರು, ಇಲ್ಲಿ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಕೆ ಒಬ್ಬರೇ, ನಡುವೆ ಇಂಟರ್ನೆಟ್ಟು.

ಮೊದಲನೇ ಸಲ ನಮಸ್ಕಾರ ಹೇಳುವಷ್ಟರಲ್ಲಿ ಹಳೆಯ ರೌಟರ್ ಕಣ್ಣು ಮುಚ್ಚಿತು. ಎರಡನೇ ಸಲಕ್ಕೆ ಸಾಹೇಬರು ತಾವೇ ಮುತುವರ್ಜಿ ವಹಿಸಿದರು. ಯಂತ್ರ ಅಂದ ಮೇಲೆ ಬೀಗದೊಳಗೆ ಇರಬೇಕು, ಲಿಫ್ಟಿನ ಯಂತ್ರದ ಕೋಣೆಗೆ ಇರುವುದೇ ಆ ನಿಯಮ. ಹೊಸ ರೌಟರನ್ನು ಉಕ್ಕಿನ ಬೀರುವಿನಲ್ಲಿ, ಸೀರೆಗಳ ನಡುವೆ ಇಟ್ಟು, ತಂತಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ, ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ವಾಕಿಂಗ್ ಹೋದರು. ಬೀರುವಿನಿಂದ ಒಂದೇ ಒಂದು ಅಲೆಯೂ ಹೊರಗೆ ಬರಲಿಲ್ಲ. ಪರೀಕ್ಷಕರು ಅರ್ಧ ಗಂಟೆ ಕಾದು ಎದ್ದುಹೋದರು. ಗಾಳಿಯಾಡದ ಬೀರುವಿನ ಬಿಸಿಗೆ ರೌಟರ್ ಸುಟ್ಟುಹೋಗಿ ಎರಡು ಸೀರೆಗೆ ಕಲೆಯಾಗಿತ್ತು.

ವಾರದ ಮೇಲೆ ಮತ್ತೊಂದು ಕಾಗದ. ಮೂರನೆಯದೇ ಕೊನೆಯದು, ಅವತ್ತೂ ಸಂಪರ್ಕ ಕಡಿದರೆ ನೋಂದಣಿ ರದ್ದು.

ಹೆಂಡತಿ ಆ ಕಾಗದವನ್ನು ಊಟದ ಮೇಜಿನ ಮೇಲೆ ಇಟ್ಟರು. ಕೂಗಲಿಲ್ಲ, ಅಳಲಿಲ್ಲ.

"ರೀ, ಹದಿನೈದು ದಿನ ಇದೆ. ಓದೋದು ನನ್ನ ಜವಾಬ್ದಾರಿ. ರೌಟರ್ ನಿಮ್ಮದು. ಈ ಸಲ ಹೋದ್ರೆ ನಾಲ್ಕನೇ ಸಲ ಅನ್ನೋದಿಲ್ಲ."

"ಹೊರೆ ಪರೀಕ್ಷೆ ಮಾಡದೆ ತಂದದ್ದೇ ತಪ್ಪಾಯ್ತು," ಅಂದರು ಸಾಹೇಬರು. ಬೀರುವಿನ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಅಳತೆ ಟೇಪು, ಟಾರ್ಚು, ಹಳೆಯ ಸರ್ಕಾರಿ ನೋಟುಪುಸ್ತಕ ಹಿಡಿದು ಹಾಜರಾದರು. ಅಂಗಡಿಯವನು ಕೋಲು ಎಣಿಸಿ ಮಾರುವ ಆಸಾಮಿ. ರೌಟರಿನ ಮೈಮೇಲೆ ಎಷ್ಟು ಆಂಟೆನಾ ಇದೆಯೋ ಅದು ಅಷ್ಟು ಒಳ್ಳೆಯದು ಎಂಬುದು ಅವನ ವೇದಾಂತ.

"ಇದು ನೋಡಿ ಸಾರ್, ಎಂಟು ಕೋಲು. ಇಡೀ ಬೀದಿಗೆ ಸಿಗತ್ತೆ."

"ನನಗೆ ಬೀದಿ ಬೇಡ, ಒಂದು ಕೋಣೆಗೆ ಸಿಕ್ಕರೆ ಸಾಕು. ಎಷ್ಟು ಹೊರೆ ತಡೆಯತ್ತೆ?"

"ಹೊರೆ ಅಂದ್ರೆ?"

"ಎಷ್ಟು ಜನ ಒಟ್ಟಿಗೆ ಜೋತುಬಿದ್ದರೆ ಕೈ ಚೆಲ್ಲತ್ತೆ ಅಂತ."

"ಅಯ್ಯೋ, ಎಷ್ಟು ಬೇಕಾದ್ರೂ ಸಾರ್!"

ಎಷ್ಟು ಬೇಕಾದರೂ! ಸಾಹೇಬರ ಮೈ ಉರಿದುಹೋಯಿತು. ಮೂವತ್ತಮೂರು ವರ್ಷದಲ್ಲಿ ಆ ಮಾತು ಹೇಳಿದ ಎಷ್ಟು ಕಂಪನಿಯವರ ಲಿಫ್ಟಿಗೆ ಅವರು ಸೀಲು ಹಾಕಿಲ್ಲ! ಎಂಟು ಕೋಲಿನದನ್ನು ಅಲ್ಲೇ ತಳ್ಳಿ, ಪೆಟ್ಟಿಗೆಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳನ್ನು ಟಾರ್ಚು ಬಿಟ್ಟು ಓದತೊಡಗಿದರು. ಒಂದು ಗಂಟೆ ಓದಿದರು. ಹಗ್ಗ ತುಂಡಾದರೆ ಏನಾಗತ್ತೆ, ಅಂದರೆ ಕರೆಂಟು ಹೋದರೆ ಏನು ಗತಿ ಎಂದು ಕೇಳಿದರು. ಅದಕ್ಕೊಂದು ಪುಟ್ಟ ಬ್ಯಾಟರಿ ಪೆಟ್ಟಿಗೆ ಬೇರೆ ಸಿಗುತ್ತದೆ ಎಂದು ಗೊತ್ತಾಯಿತು. ಎಲ್ಲಿಡಬೇಕು ಎಂದು ಕೇಳಿದರು. "ಮನೆ ನಡುವೆ, ಎತ್ತರದಲ್ಲಿ, ಬಯಲಲ್ಲಿ ಇಡಿ ಸಾರ್, ದಮ್ಮಯ್ಯ, ಬೀರು ಒಳಗೆ ಮಾತ್ರ ಇಡಬೇಡಿ," ಅಂದ ಅಂಗಡಿಯವನು. ಬೀರುವಿನ ಸುದ್ದಿ ಇಲ್ಲಿಯ ತನಕ ಬಂದಿದೆಯಲ್ಲ ಎಂದು ಸಾಹೇಬರು ಕಿವಿ ಕೆಂಪಗೆ ಮಾಡಿಕೊಂಡರು.

ಕೊನೆಗೆ ನಾಲ್ಕು ರೌಟರನ್ನು ಪರೀಕ್ಷೆಗೆಂದು ಮನೆಗೆ ಒಯ್ಯುವುದು, ಮೂರನ್ನು ವಾಪಸು ತರುವುದು ಎಂದು ಒಪ್ಪಂದವಾಯಿತು. ಅಂಗಡಿಯವನು ಒಪ್ಪಿದ್ದು ಖುಷಿಯಿಂದಲ್ಲ, ಇವರು ಹೊರಗೆ ಹೋದರೆ ಸಾಕಾಗಿತ್ತು.

ಮೊದಲನೆಯದು ಎರಡು ಗಂಟೆಗೆ ಮೈ ಬಿಸಿ ಮಾಡಿಕೊಂಡಿತು. ಸಾಹೇಬರು ಜ್ವರದ ಥರ್ಮಾಮೀಟರ್ ತಂದು ಅದರ ಬೆನ್ನಿಗೆ ಹಚ್ಚಿ, ಪುಸ್ತಕದಲ್ಲಿ 'ಅನರ್ಹ' ಎಂದು ಬರೆದರು. ಎರಡನೆಯದು ಹಸಿರು ದೀಪ ಉರಿಸುತ್ತಲೇ ಇತ್ತು, ಹೊರಗಿನ ತಂತಿ ಕಿತ್ತರೂ ಹಸಿರೇ. "ಸುಳ್ಳು ಹೇಳತ್ತೆ," ಅಂದರು, ಅದೂ ಅನರ್ಹ. ಮೂರನೆಯದು ಅಡುಗೆಮನೆಯ ಮೈಕ್ರೋವೇವ್ ಓವನ್ ಹಚ್ಚಿದಾಗಲೆಲ್ಲ ತಬ್ಬಿಬ್ಬಾಗುತ್ತಿತ್ತು. ನಾಲ್ಕನೆಯದು ಎರಡೇ ಕೋಲಿನ ಮೊದ್ದು ಪೆಟ್ಟಿಗೆ. ಹಚ್ಚಿದರೆ ಎಚ್ಚರವಾಗಲು ನಾಲ್ಕು ನಿಮಿಷ ಬೇಕು, ನೋಡಲು ಒಂದು ಚೂರೂ ಅಂದವಿಲ್ಲ, ಆದರೆ ಮೈ ತಣ್ಣಗೆ, ದೀಪ ಪ್ರಾಮಾಣಿಕ. ಸಾಹೇಬರಿಗೆ ಅದರ ಮೇಲೆ ಮನಸ್ಸು ಕೂತಿತು.

ಅದನ್ನು ಮುಂಬಾಗಿಲ ಪಕ್ಕದ ಚಪ್ಪಲಿ ಕಪಾಟಿನ ತಲೆಯ ಮೇಲೆ ಇಟ್ಟರು. ಮನೆಯ ನಡುಮಧ್ಯೆ ಅಂದರೆ ಅದೇ. ಎದುರಿಗೇ ಲಿಫ್ಟಿನ ಜಾಲರಿ ಬಾಗಿಲು, ಅದರ ಹಿಂದೆ ನೆಲದ ತನಕ ಟೊಳ್ಳಾದ ಬಾವಿ. ರೌಟರಿನ ಅಲೆ ಆ ಬಾವಿಯಲ್ಲಿ ಇಳಿದು ಎಲ್ಲ ಮಹಡಿಗೂ ಹರಡುತ್ತಿತ್ತು. ಈ ಕಟ್ಟಡದ ದಪ್ಪ ಗೋಡೆಯೊಳಗೆ ಮೊಬೈಲ್ ಸಿಗ್ನಲ್ಲು ಸತ್ತರೂ ಬರುವುದಿಲ್ಲ. ಹಾಗಾಗಿ ಇದೊಂದು ಅನುಕೂಲ ಎಂದೇ ಸಾಹೇಬರು ತಿಳಿದರು. ಪರೀಕ್ಷೆಗೆ ಜನ ಬೇಕಲ್ಲ!

ಹೌದು, ಜನ. ಪೆಟ್ಟಿಗೆಯ ಮೇಲೆ ಮೂವತ್ತೆರಡು ಸಾಧನ ಎಂದು ಬರೆದಿತ್ತು. ನೂರಿಪ್ಪತ್ತೈದರ ಲೆಕ್ಕಕ್ಕೆ ನಲವತ್ತು. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲ ಪಕ್ಕ, ಮೂವತ್ತಮೂರು ವರ್ಷ ಅಂಟಿಸಿದ ಮಾದರಿಯಲ್ಲೇ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ನಾಲ್ಕು ಮೂಲೆಗೆ ಮೊಳೆ ಹೊಡೆದು ನೋಟೀಸು ಹಚ್ಚಿದರು. 'ಹೊರೆ ಪರೀಕ್ಷೆ. ಯಂತ್ರ: ರೌಟರ್ ಒಂದು. ದಿನ: ಭಾನುವಾರ. ಪಾಸ್‌ವರ್ಡ್ ಕೆಳಗೆ ಕೊಟ್ಟಿದೆ. ಸಾರ್ವಜನಿಕರು ಸಹಕರಿಸಬೇಕು.'

ಸಾಹೇಬರ ಮುಖ ನೋಡಿ ಬರುವವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅಕ್ಕ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ "ಭಾನುವಾರ ಸ್ವಲ್ಪ ಬಂದು ಹೋಗಿ" ಎಂದಿದ್ದರು. ನಲವತ್ತು ಫೋನು ಬಂದವು. ಹಾಲ್, ಅಡುಗೆಮನೆ, ಬಾಲ್ಕನಿ, ಎಲ್ಲಿ ನೋಡಿದರೂ ಜನ. ಸಾಹೇಬರು ಬಾಗಿಲಲ್ಲಿ ನಿಂತು ಪ್ರತಿ ಫೋನಿಗೂ ಒಂದೊಂದು ಅಂಕೆಯ ಚೀಟಿ ಅಂಟಿಸಿದರು. ಮೂರನೇ ಮಹಡಿಯ ಅಜ್ಜಿ ಹದಿನೇಳನೇ ನಂಬರ್. ನೆಲಮಹಡಿಯ ಟೈಲರ್ ಇಪ್ಪತ್ತೆರಡು. ಕಟ್ಟಡದ ಸೆಕ್ರೆಟರಿಯೂ ಆದ, ಮೊದಲ ಮಹಡಿಯಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು ಮೂವತ್ತೊಂದು. ಲಿಫ್ಟಿನ ದೆಸೆಯಿಂದ ಸಾಹೇಬರ ಜತೆ ಮಾತಿಲ್ಲದ್ದರಿಂದ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಎಲ್ಲರೂ ಒಟ್ಟಿಗೆ ವಿಡಿಯೋ ಹಚ್ಚಿ!" ಎಂದು ಸಾಹೇಬರು ಸೀಟಿ ಊದಿದರು. ನಲವತ್ತು ಫೋನಿನಲ್ಲಿ ನಲವತ್ತು ಗದ್ದಲ. ಯಾರದೋ ಕುಸ್ತಿ, ಯಾರದೋ ಅಳು, ಅಜ್ಜಿಯದು ಯಾವುದೋ ಧಾರಾವಾಹಿಯ ಇನ್ನೂರ ಆರನೇ ಕಂತು. ಒಳಗಿನ ಕೋಣೆಯಲ್ಲಿ ಹೆಂಡತಿ ಮಗಳ ಜತೆ ವಿಡಿಯೋದಲ್ಲಿ ಮಾತಾಡುತ್ತಾ ಕೂತಿದ್ದರು. ಒಂದು ಗಂಟೆ ಮಗಳ ಮುಖ ಒಂದು ಸಲವೂ ನಿಲ್ಲಲಿಲ್ಲ, ದನಿ ಒಡೆಯಲಿಲ್ಲ. "ಅಪ್ಪ ಅಲ್ಲಿ ಸಂತೆ ಮಾಡ್ತಿದ್ದಾರಾ ಅಮ್ಮಾ?" ಎಂದು ಅವಳು ಕೇಳಿದ್ದೂ ಸ್ಪಷ್ಟವಾಗಿ ಕೇಳಿಸಿತು.

ಸಾಹೇಬರು ಎರಡನೇ ಸೀಟಿ ಊದಿ, ಪುಸ್ತಕದಲ್ಲಿ 'ಅರ್ಹ' ಎಂದು ಬರೆದು, ಸಹಿ ಹಾಕಿ, ಮುಚ್ಚಿದರು. ಜನ ಎದ್ದುಹೋದರು. ಸಾಹೇಬರಿಗೆ ಕೆಲಸ ಮುಗಿದಿತ್ತು. ಅವತ್ತು ರಾತ್ರಿ ಹಾಯಾಗಿ ನಿದ್ದೆ ಹತ್ತಿತು.

ಪರೀಕ್ಷೆ ಗುರುವಾರ ಹತ್ತು ಗಂಟೆಗೆ. ಒಂಬತ್ತೂವರೆಗೇ ಹೆಂಡತಿ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಸಾಹೇಬರು ರೌಟರಿನ ಬೆನ್ನು ಮುಟ್ಟಿ ನೋಡಿದರು, ತಣ್ಣಗಿತ್ತು. ಬ್ಯಾಟರಿ ಪೆಟ್ಟಿಗೆ ತುಂಬಿತ್ತು. ಆಮೇಲೆ ಬೆಕ್ಕಿನ ಹೆಜ್ಜೆ ಇಟ್ಟು ಬಂದು ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಂತರು. ಬೀರುವಿನ ಕಥೆ ಆದ ಮೇಲೆ ವಾಕಿಂಗ್ ಹೋಗುವಷ್ಟು ಧೈರ್ಯ ಅವರಿಗೂ ಇರಲಿಲ್ಲ.

ನಮಸ್ಕಾರಗಳಾದವು. ಅಧ್ಯಕ್ಷರ ದನಿ ಕೇಳಿತು. "ಮೇಡಂ, ನಿಮ್ಮ ನೋಂದಣಿ ಇಪ್ಪತ್ತೆಂಟು ವರ್ಷದ ಹಿಂದಿನದು. ಇಷ್ಟು ತಡ ಯಾಕಾಯ್ತು ಅಂತ ದಾಖಲೆಗೆ ಬೇಕು. ಹೇಳ್ತೀರಾ?"

ಆಮೇಲೆ ಹೆಂಡತಿಯ ದನಿ.

"ಹೇಳ್ತೀನಿ ಸರ್. ನಮ್ಮನೆಯವರಿಗೆ ಎಂಟು ಸಲ ವರ್ಗ ಆಯ್ತು. ಎಂಟು ಸಲಾನೂ ನನ್ನ ಪಾಚಿ ತಟ್ಟೆಗಳನ್ನ ಹಳೇ ಮನೇಲೇ ಬಿಟ್ಟು ಬಂದೆ, ಲಾರೀಲಿ ಜಾಗ ಇರ್ಲಿಲ್ಲ. ಮರಳುಮೂಟೆಗೆ ಇತ್ತು. ಐದನೇ ವರ್ಷ ಬಾಲ್ಕನಿ ಗೋಡೆ ಮೇಲೆ ನೂರ ನಲವತ್ತು ಮಾದರಿ ಬೆಳೆಸಿದ್ದೆ. ಒಂದು ಭಾನುವಾರ ಇವರು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದ್ರು. ಗೋಡೆ ಹೇಗೆ ಬೆಳ್ಳಗಾಗಿದೆ ನೋಡು ಅಂತ ಖುಷಿಯಾಗಿ ನನ್ನೇ ಕರೆದು ತೋರಿಸಿದ್ರು. ಚೆನ್ನಾಗಿದೆ ಅಂದೆ. ಹನ್ನೊಂದನೇ ವರ್ಷ ಮತ್ತೆ ಬೆಳೆಸಿದೆ, ಮತ್ತೆ ತೊಳೆದ್ರು. ಆಗಲೂ ಚೆನ್ನಾಗಿದೆ ಅಂದೆ. ಮೈಕ್ರೋಸ್ಕೋಪನ್ನ ಬಾಗಿಲು ಬಡೀಬಾರದು ಅಂತ ಅಡ್ಡ ಇಟ್ಟುಕೊಂಡಿದ್ರು, ಒಳ್ಳೇ ತೂಕ ಇದೆ ಅಂತ. ಅವರು ಕೆಟ್ಟವರಲ್ಲ ಸರ್. ಒಂದು ದಿನವೂ ಓದಬೇಡ ಅಂದೋರಲ್ಲ. ಏನು ಓದ್ತಿದ್ದೀಯ ಅಂತಾನೂ ಕೇಳಿದೋರಲ್ಲ."

ಆ ಬೆಳ್ಳಗಿನ ಗೋಡೆ ಸಾಹೇಬರಿಗೆ ಚೆನ್ನಾಗಿ ನೆನಪಿತ್ತು. ಅವತ್ತು ಹೆಂಡತಿ 'ಚೆನ್ನಾಗಿದೆ' ಎಂದು ಒಳಗೆ ಹೋದವರು ಸಂಜೆಯ ತನಕ ಹೊರಗೆ ಬಂದಿರಲಿಲ್ಲ. ತಲೆನೋವಿರಬೇಕು ಎಂದುಕೊಂಡಿದ್ದರು.

"ಮೇ... ಡಂ," ಎಂದು ಒಳಗಿನ ಕಂಪ್ಯೂಟರಿನಿಂದ ಅಧ್ಯಕ್ಷರ ದನಿ ತುಂಡುತುಂಡಾಗಿ ಬಂತು. "ನಿಮ್ಮ ಚಿತ್ರ... ನಿಂತಿದೆ. ಒಂದು ಅಕ್ಷರಾನೂ... ಕೇಳಿಸ್ಲಿಲ್ಲ. ಸಂಪರ್ಕ ಪೂರ್ತಿ ಕಡಿದಿಲ್ಲ, ಅದಕ್ಕೆ... ಹತ್ತು ನಿಮಿಷ ನೋಡ್ತೀವಿ. ಅಷ್ಟರಲ್ಲಿ ಸರಿಯಾಗದಿದ್ರೆ..."

ಸಾಹೇಬರು ಬಾಗಿಲಿನಿಂದ ಕಿವಿ ತೆಗೆದರು. ಜೇಬಿನಿಂದ ಫೋನು ತೆಗೆದು, ರೌಟರಿಗೆ ಎಷ್ಟು ಸಾಧನ ಜೋತುಬಿದ್ದಿವೆ ಎಂದು ತೋರಿಸುವ ಪುಟ ನೋಡಿದರು. ಎಂಬತ್ತಮೂರು.

ನಲವತ್ತು ಮೂಟೆ ಭಾನುವಾರವೇ ಹೋಗಬೇಕಿತ್ತು. ಒಂದೂ ಹೋಗಿರಲಿಲ್ಲ! ಒಮ್ಮೆ ರುಚಿ ಕಂಡ ಫೋನುಗಳು ತಮ್ಮ ತಮ್ಮ ಮನೆಯಲ್ಲಿ ಕೂತೇ, ಲಿಫ್ಟಿನ ಬಾವಿಯಲ್ಲಿ ಹರಿದು ಬರುವ ಈ ಗಟ್ಟಿ ಅಲೆಗೇ ನೇತುಹಾಕಿಕೊಂಡಿದ್ದವು. ಇನ್ನುಳಿದ ನಲವತ್ತಮೂರು? ನೆಲಮಹಡಿಯ ಗೋಡೆಯಲ್ಲಿ, ನಾಲ್ಕು ಮೊಳೆಯಲ್ಲಿ, ಪಾಸ್‌ವರ್ಡ್ ಸಮೇತ ನೋಟೀಸು ಇನ್ನೂ ಹಾಗೇ ಇತ್ತಲ್ಲ. ಟೈಲರ್ ಹತ್ತಿರ ಬಂದವರು, ಹಲ್ಲು ಕೀಳಿಸಲು ಬಂದವರು, ದಾರಿಹೋಕರು, ಎಲ್ಲರೂ ಸಹಕರಿಸಿದ್ದರು. ನೋಟೀಸು ಹಚ್ಚುವುದು ಮಾತ್ರ ಸಾಹೇಬರಿಗೆ ಗೊತ್ತು. ಕೀಳುವುದು ಯಾರದೋ ಕೆಲಸವಾಗಿತ್ತು.

ಕೈ ತಾನಾಗಿಯೇ ರೌಟರಿನ ಗುಂಡಿಗೆ ಹೋಯಿತು. ಆರಿಸಿ ಹಚ್ಚಿದರೆ, ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಉದುರಿಹೋಗುತ್ತವೆ. ಹೆಂಡತಿಯೂ ಉದುರುತ್ತಾರೆ. ಸಂಪರ್ಕ ಕಡಿದಂತೆಯೇ. ಮೇಲಾಗಿ ಈ ಮೊದ್ದು ಎಚ್ಚರವಾಗಲು ನಾಲ್ಕು ನಿಮಿಷ. ಗುಂಡಿಯಿಂದ ಕೈ ತೆಗೆದರು. ಒಂದೇ ದಾರಿ ಉಳಿದಿತ್ತು. ಮೂಟೆಗಳನ್ನು ಒಂದೊಂದಾಗಿ ಕೈಯಲ್ಲೇ ಇಳಿಸಬೇಕು. ಲಿಫ್ಟು ಬೇರೆ ಇಲ್ಲ, ಪುಣ್ಯಾತ್ಮರು ತಾವೇ ಮುಚ್ಚಿಸಿದ್ದಾರೆ! ಮೆಟ್ಟಿಲಿನತ್ತ ಓಡಿದರು.

ಮೂರನೇ ಮಹಡಿಯಲ್ಲಿ ಅಜ್ಜಿಯ ಬಾಗಿಲು ಬಡಿದರು. "ಅಜ್ಜೀ, ಹೊರೆ ಇಳಿಸಿ! ನಿಮ್ಮ ಮೂಟೆ ಇಳಿಸಿ!"

"ಯಾವ ಮೂಟೆನಪ್ಪಾ? ನನ್ನ ಕೈಲಿ ಆಗಲ್ಲ, ಸೊಂಟ ಹಿಡ್ಕೊಂಡಿದೆ," ಎಂದರು ಅಜ್ಜಿ, ಕೈಯಲ್ಲಿ ಹದಿನೇಳನೇ ನಂಬರ್ ಅಂಟಿಸಿದ ಫೋನು. ಧಾರಾವಾಹಿ ಇನ್ನೂರ ಇಪ್ಪತ್ತನೇ ಕಂತಿಗೆ ಬಂದಿತ್ತು.

"ಫೋನು! ಫೋನು ನೂರಿಪ್ಪತ್ತೈದು ದಾಟಿದೆ! ನಿಯಮಕ್ಕೆ ವಿರುದ್ಧ!"

"ಭಾನುವಾರ ನೋಡಿ ಅಂತ ಸೀಟಿ ಊದಿದೋನೂ ನೀನೇ, ಈಗ ಬೇಡ ಅನ್ನೋನೂ ನೀನೇ. ಸ್ವಲ್ಪ ನೀರು ಕುಡಿ ಮಗಾ," ಎಂದು ಅಜ್ಜಿ ಬಾಗಿಲು ಮುಂದೆ ಮಾಡಿದರು. ಎರಡನೇ ಮಹಡಿಯಲ್ಲೂ ಅದೇ ಪಾಡು. ಅನುಮತಿಸಿದ ಮಿತಿ, ಅಧಿಕ ಹೊರೆ ಎಂದೆಲ್ಲ ಕೂಗಿದರೆ ಜನ ನಕ್ಕರು. ಎಂಬತ್ತಮೂರು ಎಂಬತ್ತಮೂರಾಗಿಯೇ ಇತ್ತು. ಮೂರು ನಿಮಿಷ ಮಣ್ಣುಪಾಲಾಗಿತ್ತು.

ಸಾಹೇಬರು ಮೊದಲ ಮಹಡಿಗೆ ಇಳಿದು ಕ್ಲಿನಿಕ್ಕಿನ ಬಾಗಿಲಿಗೆ ಬಂದರು. ಬೆಂಚಿನ ತುಂಬ ಕಾಯುವವರು, ಎಲ್ಲರ ಕೈಯಲ್ಲೂ ಫೋನು. ಒಳಗೆ ಹಲ್ಲಿನ ಡಾಕ್ಟರು ಒಬ್ಬನ ಬಾಯಿಗೆ ಹತ್ತಿ ತುಂಬುತ್ತಿದ್ದರು. ಎರಡು ವರ್ಷದ ಮಾತು ಅವರ ಹೊಟ್ಟೆಯಲ್ಲಿ ಹಾಗೇ ಇತ್ತು.

"ಬನ್ನಿ ಮರಳುಮೂಟೆ ಸಾಹೇಬ್ರೇ. ಇನ್ನೇನಕ್ಕೆ ಸೀಲು ಹಾಕಬೇಕು, ನನ್ನ ಕುರ್ಚಿಗಾ? ಇಲ್ಲಿ ಬರೋ ಒಬ್ಬೊಬ್ಬರೂ ನಿಮ್ಮ ಹೆಸರು ಹೇಳ್ಕೊಂಡೇ ಮೆಟ್ಟಿಲು ಹತ್ತುತ್ತಾರೆ, ಗೊತ್ತಾ?"

ಸಾಹೇಬರು ಬಾಗಿಲ ಚೌಕಟ್ಟು ಹಿಡಿದು ನಿಂತರು. ನಿಯಮ ಹೇಳಲು ಬಾಯಿ ತೆರೆದರು. ಬಂದದ್ದು ಬೇರೆ.

"ಡಾಕ್ಟ್ರೇ, ನನ್ನ ಹೆಂಡತಿ ಪರೀಕ್ಷೆ ನಡೀತಿದೆ. ಇದೇ ಕೊನೇದು. ನಿಮ್ಮ ಫೋನುಗಳೆಲ್ಲ ನನ್ನ ರೌಟರ್ ಹಿಡ್ಕೊಂಡಿವೆ. ತಪ್ಪು ನಂದು. ಇವತ್ತೊಂದೇ ಅಲ್ಲ, ಇಪ್ಪತ್ತೆಂಟು ವರ್ಷದಿಂದ ನಂದೇ. ಅವಳ ಪಾಚಿನ ನಾನೇ ತೊಳೆದುಹಾಕಿದೆ, ಎರಡು ಸಲ. ಈಗ ಅವಳು ಮಾತಾಡ್ತಿದ್ದಾಳೆ, ಯಾರಿಗೂ ಕೇಳಿಸ್ತಿಲ್ಲ. ಕೈ ಮುಗೀತೀನಿ."

ಸಾಹೇಬರು ಕೈ ಮುಗಿದದ್ದನ್ನು ಆ ಕಟ್ಟಡ ಅದುವರೆಗೆ ಕಂಡಿರಲಿಲ್ಲ.

"ಅಕ್ಕಂದಾ? ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ!" ಎಂದು ಡಾಕ್ಟರು ಇಕ್ಕಳ ಹಿಡಿದುಕೊಂಡೇ ಹೊರಗೆ ನುಗ್ಗಿ, ಲಿಫ್ಟಿನ ಜಾಲರಿಗೆ ಬಾಯಿಟ್ಟು ಕೂಗಿದರು. "ಅಕ್ಕನ ಪರೀಕ್ಷೆ ನಡೀತಿದೆ! ಎಲ್ಲರೂ ವೈಫೈ ಆಫ್ ಮಾಡ್ರೀ! ಈಗಲೇ!"

ಟೊಳ್ಳು ಬಾವಿಯಲ್ಲಿ ಆ ದನಿ ಮೇಲೆ ಕೆಳಗೆ ಗುಡುಗಿತು. ಬಾಗಿಲುಗಳು ತೆರೆದವು. "ಅಕ್ಕಂದಂತೆ", "ಅಕ್ಕಂಗಂತೆ" ಎಂದು ಮಹಡಿಯಿಂದ ಮಹಡಿಗೆ ಮಾತು ಹೋಯಿತು. ಕೆಳಗೆ ಟೈಲರ್ ಕತ್ತರಿ ಹಿಡಿದು ಗಿರಾಕಿಗಳನ್ನು ಹೆದರಿಸುವುದು ಕೇಳಿಸಿತು. ಸಾಹೇಬರು ಫೋನಿನಲ್ಲಿ ಅಂಕೆ ನೋಡುತ್ತಾ ನಿಂತರು. ಅರವತ್ತು. ನಲವತ್ತೊಂದು. ಹತ್ತೊಂಬತ್ತು. ಐದು. "ಇನ್ನೂರ ಇಪ್ಪತ್ತೊಂದನ್ನ ಆಮೇಲೆ ನೋಡ್ತೀನಿ ಬಿಡು," ಎಂದು ಮೇಲಿನಿಂದ ಅಜ್ಜಿ. ಮೂರು. ಎರಡು.

ಎರಡಕ್ಕೆ ನಿಂತಿತು. ಒಂದು ಹೆಂಡತಿಯ ಕಂಪ್ಯೂಟರ್. ಇನ್ನೊಂದು ಯಾರದು?

ಎರಡರಲ್ಲಿ ಏನೂ ಮುಳುಗಿಹೋಗುತ್ತಿರಲಿಲ್ಲ. ಆದರೆ ಸಾಹೇಬರ ಜಾಯಮಾನ ಬಿಡಬೇಕಲ್ಲ! ಖಾಲಿ ಅಂದ ಮೇಲೆ ಖಾಲಿ ಇರಬೇಕು. ಬೆಂಚಿನವರ ಜೇಬು ತಡಕಿಸಿದರು. ಎರಡನೇ ಮಹಡಿಗೆ ಓಡಿದರು, ಕೆಳಗೆ ಓಡಿದರು, ಟೈಲರ್ ಬಟ್ಟೆಯ ರಾಶಿಯನ್ನೇ ಬುಡಮೇಲು ಮಾಡಿದ. ಆ ಒಂದು ಫೋನು ಮಾತ್ರ ಜಪ್ಪಯ್ಯ ಅಂದರೂ ಸಿಗಲಿಲ್ಲ. ಏದುಸಿರು ಬಿಡುತ್ತಾ ಮತ್ತೆ ಕ್ಲಿನಿಕ್ಕಿಗೆ ಬಂದು "ಇನ್ನೂ ಒಂದು ಮೂಟೆ ಇದೆ, ಯಾರ ಹತ್ತಿರ ಇದೆ ಹೇಳ್ರೀ!" ಎಂದು ಅಂಗಲಾಚಿದರು. ಬಾಯಿಗೆ ಹತ್ತಿ ತುರುಕಿಸಿಕೊಂಡಿದ್ದ ಆ ಮನುಷ್ಯ, ಅರ್ಧ ದವಡೆ ಜೋಮು ಹಿಡಿದಿದ್ದರಿಂದ ಮಾತಾಡಲಾಗದೆ, ಬೆರಳೆತ್ತಿ ಸಾಹೇಬರ ಕೈಯನ್ನೇ ತೋರಿಸಿದ.

ಸಾಹೇಬರು ತಮ್ಮ ಕೈಯಲ್ಲಿದ್ದ ಫೋನು ನೋಡಿದರು. ಎಲ್ಲರೂ ನೋಡಿದರು. ಯಾರೂ ನಗಲಿಲ್ಲ, ಅದು ದೊಡ್ಡ ಮಾತು. ಸಾಹೇಬರು ಫೋನನ್ನು ಆರಿಸಿದರು.

ಆಮೇಲೆ ತಿಳಿಯುವ ದಾರಿಯೇ ಇರಲಿಲ್ಲ. ಎಷ್ಟಿವೆ, ಹೇಗಿದೆ, ದನಿ ಹೋಗುತ್ತಿದೆಯೋ ಇಲ್ಲವೋ, ಯಾವ ಅಂಕೆಯೂ ಇಲ್ಲ. ಮೇಲೆ ಹೋಗಿ ಬಾಗಿಲಿಗೆ ಕಿವಿ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಕೆಳಗಿಳಿದು ನೋಟೀಸಿನ ನಾಲ್ಕು ಮೊಳೆಯನ್ನು ಉಗುರಿನಲ್ಲೇ ಕಿತ್ತರು. ಬೆರಳ ತುದಿ ಸೀಳಿತು. ಅದನ್ನು ಮಡಚಿ ಹಿಡಿದು ಮೆಟ್ಟಿಲ ಮೇಲೆ ಕೂತರು. ಆ ಮೆಟ್ಟಿಲನ್ನು ಒತ್ತಿ ನೋಡಲು ಮರೆತರು.

ಮುಕ್ಕಾಲು ಗಂಟೆಯಾಯಿತು. ಗೋಡೆಯ ಬುಡದಲ್ಲಿ, ಮೆಟ್ಟಿಲ ಸಂದಿಯಲ್ಲಿ, ಅಂಗೈಯಗಲ ಹಸಿರು ಪಾಚಿ ಇತ್ತು. ಎರಡು ವರ್ಷ ಅದರ ಪಕ್ಕದಲ್ಲೇ ಹತ್ತಿಳಿದಿದ್ದರೂ ಸಾಹೇಬರು ಇವತ್ತೇ ನೋಡಿದ್ದು. ಅದರಲ್ಲಿ ಸಣ್ಣ ಸಣ್ಣ ಕಡ್ಡಿಗಳಿದ್ದವು, ಒಂದೊಂದರ ತುದಿಗೂ ಒಂದೊಂದು ಕಂದು ಟೋಪಿ.

ಚಪ್ಪಲಿಯ ಸದ್ದು ಮೇಲಿನಿಂದ ಇಳಿದು ಬಂತು. ಹೆಂಡತಿ ಎರಡು ಮೆಟ್ಟಿಲು ಮೇಲೆ ನಿಂತರು.

"ಇಲ್ಲಿದ್ದೀರಾ? ಫೋನ್ ಯಾಕ್ರೀ ಆಫ್ ಆಗಿದೆ?"

"ಏನಾಯ್ತು?"

"ಆಯ್ತು. ಕೊಟ್ರು."

ಅಷ್ಟೇ ಅಂದರು. ಮೇಲೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಯಾರೋ ಚಪ್ಪಾಳೆ ಹೊಡೆದರು, ಅಜ್ಜಿಯ ದನಿ "ಈಗ ಹಚ್ಚಬಹುದಾ?" ಎಂದು ಕೇಳಿತು. ಸಾಹೇಬರು ತೋಳಿನಿಂದ ಕಣ್ಣು ಒರೆಸಿಕೊಂಡರು.

"ಆ ಮೊದಲನೇ ಪ್ರಶ್ನೆ," ಅಂದರು. "ತಡ ಯಾಕಾಯ್ತು ಅಂತ. ಅದನ್ನ ಮತ್ತೆ ಕೇಳಿದ್ರಾ?"

"ಕೇಳಿದ್ರು. ಮೊದಲು ಹೇಳಿದ್ದು ಒಂದಕ್ಷರಾನೂ ಅವರಿಗೆ ಮುಟ್ಟಿರ್ಲಿಲ್ಲವಂತೆ."

"ಎರಡನೇ ಸಲ ಏನಂದೆ?"

"ನೆಟ್‌ವರ್ಕ್ ಸರಿ ಇರ್ಲಿಲ್ಲ ಸರ್ ಅಂದೆ. ಐದು ಜನಾನೂ ತಲೆ ಆಡಿಸಿ ಹಾಗೇ ಬರ್ಕೊಂಡ್ರು."

ಸಾಹೇಬರು ಮಡಚಿದ ನೋಟೀಸನ್ನು ಇನ್ನೂ ಸಣ್ಣಗೆ ಮಡಚಿದರು. ತಲೆ ಎತ್ತಲಿಲ್ಲ.

"ನನಗೆ ಕೇಳಿಸ್ತು ಕಣೇ. ಮೊದಲನೇ ಸಲದ್ದು. ಬಾಗಿಲ ಹೊರಗೇ ನಿಂತಿದ್ದೆ."

"ಗೊತ್ತು," ಅಂದರು ಹೆಂಡತಿ. "ಬಾಗಿಲ ಕೆಳಗೆ ನಿಮ್ಮ ಪಾದ ಕಾಣ್ತಿತ್ತು. ಅದಕ್ಕೇ ಅಷ್ಟು ಬಿಡಿಸಿ ಹೇಳಿದ್ದು."

ಹಾಗೆಂದು ಎರಡು ಮೆಟ್ಟಿಲು ಇಳಿದು ಬಂದು, ಸಂದಿಯ ಪಾಚಿಯನ್ನು ತುಳಿಯದಂತೆ ಸೀರೆ ಎತ್ತಿಕೊಂಡು, ಅವರ ಪಕ್ಕದಲ್ಲಿ ಕೂತರು. ಸಾಹೇಬರು ಆ ಕಂದು ಟೋಪಿಗಳನ್ನು ತೋರಿಸಿ, ಇದರ ಹೆಸರೇನು ಎಂದು ಕೇಳಿದರು.